ತಪ್ಪು ಲೆಕ್ಕದೊಳಗಿನ ಸರಿ ತರ್ಕ: ಕಲಿಕೆಯ ಸಿದ್ಧಾಂತಗಳು ತರಗತಿಗೆ ಬಂದಾಗ

ಡಿ.ಎಲ್.ಎಡ್, ಬಿ.ಎಡ್ ಓದಿದವರಿಗೆ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗೆ ತಯಾರಿ ನಡೆಸಿದವರಿಗೆ, ಕಲಿಕೆಯ ಬಗ್ಗೆ ಪ್ರಯೋಗ ನಡೆಸಿದ ಮನೋವಿಜ್ಞಾನಿಗಳ ಈ ಪಟ್ಟಿ ಬಾಯಿಗೆ ಬಂದಿರುತ್ತದೆ: ಥಾರ್ನ್‌ಡೈಕ್ ಎಂದರೆ ಬೆಕ್ಕು, ಪಾವ್ಲೋವ್ ಎಂದರೆ ನಾಯಿ, ಸ್ಕಿನ್ನರ್ ಎಂದರೆ ಇಲಿ ಮತ್ತು ಪಾರಿವಾಳ, ಕೋಹ್ಲರ್ ಎಂದರೆ ಸುಲ್ತಾನ್ ಎಂಬ ಚಿಂಪಾಂಜಿ. ಹೊಂದಿಸಿ ಬರೆಯುವ ಪ್ರಶ್ನೆಗೆ ಇಷ್ಟು ಸಾಕು. ಆದರೆ ನೇಮಕಾತಿ ಆದೇಶ ಕೈಗೆ ಬಂದು, ಮೂರನೇ ತರಗತಿಯ ಮಕ್ಕಳ ಮುಂದೆ ನಿಂತಾಗ ಆ ಬೆಕ್ಕು, ನಾಯಿಗಳಿಂದ ಏನೂ ಉಪಯೋಗವಿಲ್ಲ ಎಂದು ಎಷ್ಟೋ ಶಿಕ್ಷಕರಿಗೆ ಅನ್ನಿಸಿಬಿಡುತ್ತದೆ. ಇದು ನಿಜಕ್ಕೂ ಬೇಸರದ ಸಂಗತಿ. ನೂರು ವರ್ಷಕ್ಕೂ ಮೀರಿದ ಈ ದುಡಿಮೆಯೆಲ್ಲ ಶಿಕ್ಷಕರು ದಿನವೂ ಕೇಳಿಕೊಳ್ಳುವ ಪ್ರಶ್ನೆಯ ಸುತ್ತಲೇ ನಡೆದಿದೆ: ಇಷ್ಟು ಚೆನ್ನಾಗಿ ಹೇಳಿಕೊಟ್ಟರೂ ಮಗುವಿನ ತಲೆಗೆ ಏಕೆ ಹತ್ತಲಿಲ್ಲ?

ಸಿದ್ಧಾಂತಗಳನ್ನು ಹೆಸರು ಮತ್ತು ಇಸವಿಗಳ ಸಾಲಿನಿಂದ ಕಲಿತರೆ ಅವು ಒಂದಕ್ಕೊಂದು ಎದುರಾಳಿ ಪಕ್ಷಗಳಂತೆ ಕಾಣುತ್ತವೆ. ಒಂದು ಮಗುವಿನ ಒಂದು ತಪ್ಪನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಸಿದ್ಧಾಂತವನ್ನೂ "ಇದಕ್ಕೆ ನೀನು ಏನು ಹೇಳುತ್ತೀಯ?" ಎಂದು ಕೇಳಿದರೆ ಅವುಗಳ ಬೆಲೆ ತಿಳಿಯುತ್ತದೆ. ಇಲ್ಲಿ ಅದನ್ನೇ ಮಾಡೋಣ.

ಮೂರನೇ ತರಗತಿಯ ಹುಡುಗಿಯೊಬ್ಬಳ ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳಿ: 52 − 38 = 26. ಅದರ ಕೆಳಗೆ 71 − 45 = 34. ಇನ್ನೂ ಕೆಳಗೆ 63 − 27 = 44. ಮೂರಕ್ಕೂ ಕೆಂಪು ಶಾಯಿಯಲ್ಲಿ ಇಂಟು ಗುರುತು, ಕೊನೆಗೆ "ಗಮನವಿಟ್ಟು ಮಾಡು" ಎಂಬ ಷರಾ. ಆದರೆ ಲೆಕ್ಕಗಳನ್ನು ಇನ್ನೊಮ್ಮೆ ನೋಡಿ. ಹುಡುಗಿ ಗಮನವಿಟ್ಟೇ ಮಾಡಿದ್ದಾಳೆ. ಬಿಡಿ ಸ್ಥಾನದಲ್ಲಿ 2 ಮತ್ತು 8 ಇವೆ. ದೊಡ್ಡದರಿಂದ ಚಿಕ್ಕದನ್ನು ಕಳೆದು 6 ಬರೆದಿದ್ದಾಳೆ. ಹತ್ತರ ಸ್ಥಾನದಲ್ಲಿ 5 ಮತ್ತು 3, 2 ಬರೆದಿದ್ದಾಳೆ. ಯಾವ ಅಂಕಿ ಮೇಲಿದೆ, ಯಾವುದು ಕೆಳಗಿದೆ ಎಂಬುದು ಅವಳಿಗೆ ಮುಖ್ಯವೇ ಆಗಿಲ್ಲ. ಮೂರು ಲೆಕ್ಕದಲ್ಲೂ ತಾನು ಹಿಡಿದ ನಿಯಮವನ್ನು ಅವಳು ಒಂದಿಷ್ಟೂ ಮುರಿದಿಲ್ಲ.

1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕಗಳನ್ನು ಇದೇ ರೀತಿ ಬಿಡಿಸಿ ನೋಡಿದರು. ಅಜಾಗರೂಕತೆಯಿಂದ ಆದಂತೆ ಕಾಣುವ ಅನೇಕ ತಪ್ಪುಗಳ ಹಿಂದೆ ಒಂದು ಖಚಿತವಾದ, ಆದರೆ ಎಲ್ಲೋ ಒಂದು ಕಡೆ ಕೆಟ್ಟಿರುವ ವಿಧಾನ ಇರುತ್ತದೆ ಎಂದು ತೋರಿಸಿದರು. ಆ ವಿಧಾನ ಯಾವುದೆಂದು ಗೊತ್ತಾದರೆ, ಮಗು ಮುಂದಿನ ಲೆಕ್ಕಕ್ಕೆ ಯಾವ ತಪ್ಪು ಉತ್ತರ ಬರೆಯುತ್ತದೆ ಎಂಬುದನ್ನೂ ಮೊದಲೇ ಹೇಳಬಹುದು. ನಮ್ಮ ಹುಡುಗಿಗೆ 84 − 59 ಕೊಟ್ಟು ನೋಡಿ; 35 ಬರೆಯುತ್ತಾಳೆ.

ಬಹುಮಾನ ಯಾವುದಕ್ಕೆ ಸಿಕ್ಕಿತು?

ಹೊರಗೆ ಕಾಣುವ ವರ್ತನೆ ಮತ್ತು ಅದಕ್ಕೆ ಸಿಗುವ ಫಲದಿಂದಲೇ ಕಲಿಕೆಯನ್ನು ವಿವರಿಸುವ ವರ್ತನಾವಾದಿಗಳಿಂದ ಶುರು ಮಾಡೋಣ. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗಿಟ್ಟು, ಹೊರಗೆ ತಿನಿಸು ಇಟ್ಟರು. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಹೇಗೋ ಒಮ್ಮೆ ಬಾಗಿಲಿನ ಕುಣಿಕೆ ಎಳೆದು ಹೊರಗೆ ಬರುತ್ತದೆ. ಮತ್ತೆ ಮತ್ತೆ ಒಳಗಿಟ್ಟಾಗ ಹೊರಬರಲು ಹಿಡಿಯುವ ಸಮಯ ಕಡಿಮೆಯಾಗುತ್ತ ಹೋಗುತ್ತದೆ. ಒಳ್ಳೆಯ ಫಲ ಕೊಟ್ಟ ವರ್ತನೆ ಗಟ್ಟಿಯಾಗುತ್ತದೆ ಎಂಬ 'ಪರಿಣಾಮ ನಿಯಮ' ಹುಟ್ಟಿದ್ದು ಇಲ್ಲಿಂದ. ಬಿ.ಎಫ್. ಸ್ಕಿನ್ನರ್ ಅದನ್ನೇ ಬಹಳ ಮುಂದಕ್ಕೆ ಒಯ್ದರು. ಅವರ ಒಂದು ಮುಖ್ಯ ಶೋಧವನ್ನು ನಮ್ಮ ಪಠ್ಯಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ: ಪ್ರತಿ ಸಲವೂ ಬಹುಮಾನ ಸಿಗುವ ವರ್ತನೆಗಿಂತ, ಆಗೊಮ್ಮೆ ಈಗೊಮ್ಮೆ ಬಹುಮಾನ ಸಿಗುವ ವರ್ತನೆಯನ್ನು ಬಿಡಿಸುವುದು ಕಷ್ಟ.

ಈಗ ಹುಡುಗಿಯ ಪುಸ್ತಕಕ್ಕೆ ಬನ್ನಿ. ಅದೇ ಪುಟದಲ್ಲಿ 48 − 23, 67 − 45ರಂಥ ದಶಕ ರಹಿತ ಲೆಕ್ಕಗಳೂ, ಅಂದರೆ ಹತ್ತರ ಸ್ಥಾನದಿಂದ ಎರವಲು ಪಡೆಯಬೇಕಿಲ್ಲದ ಲೆಕ್ಕಗಳೂ ಇವೆ. ಅವುಗಳಿಗೆ ಅವಳ ನಿಯಮ ಸರಿಯಾದ ಉತ್ತರವನ್ನೇ ಕೊಡುತ್ತದೆ. ಹತ್ತು ಲೆಕ್ಕದಲ್ಲಿ ಐದಕ್ಕೆ ರೈಟ್, ಐದಕ್ಕೆ ಇಂಟು. ಅಂದರೆ ತಪ್ಪು ನಿಯಮಕ್ಕೆ ಆಗಾಗ ಬಹುಮಾನ ಸಿಗುತ್ತಲೇ ಇದೆ, ಸ್ಕಿನ್ನರ್ ಹೇಳಿದ ಅತ್ಯಂತ ಗಟ್ಟಿ ಬೇರೂರುವ ರೀತಿಯಲ್ಲಿ. ಹತ್ತಕ್ಕೆ ಐದು ಎಂಬ ಅಂಕ ಅವಳಿಗೆ ಏನನ್ನೂ ತಿಳಿಸುವುದಿಲ್ಲ. ಐದು ಬಂತಲ್ಲ ಎಂಬ ಸಮಾಧಾನವನ್ನು ಮಾತ್ರ ಕೊಡುತ್ತದೆ.

1953ರಲ್ಲಿ ಸ್ಕಿನ್ನರ್ ತಮ್ಮ ಮಗಳ ನಾಲ್ಕನೇ ತರಗತಿಯ ಗಣಿತ ಪಾಠ ನೋಡಲು ಶಾಲೆಗೆ ಹೋಗಿದ್ದರು. ಅವರ ಕಣ್ಣಿಗೆ ಬಿದ್ದದ್ದು ಎರಡು ಸಂಗತಿ: ಮಕ್ಕಳು ಬರೆದ ಉತ್ತರ ಸರಿಯೋ ತಪ್ಪೋ ಎಂದು ಆಗಲೇ ಗೊತ್ತಾಗುವುದಿಲ್ಲ, ಬೇಗ ಮುಗಿಸಿದವರೂ ಅರ್ಧಕ್ಕೇ ಸಿಕ್ಕಿಹಾಕಿಕೊಂಡವರೂ ಒಂದೇ ವೇಗದಲ್ಲಿ ಸಾಗಬೇಕು. ಆಮೇಲೆ ಅವರು ಕಲಿಕೆಯ ಯಂತ್ರವನ್ನೇ ತಯಾರಿಸಿದರು. ಸಣ್ಣ ಸಣ್ಣ ಹೆಜ್ಜೆ, ಪ್ರತಿ ಹೆಜ್ಜೆಗೂ ತಕ್ಷಣದ ಉತ್ತರ, ಮಗುವಿನದೇ ವೇಗ. ಯಂತ್ರ ಮೂಲೆ ಸೇರಿತು, ಆದರೆ ಆ ಎರಡು ದೂರುಗಳು ಇಂದಿಗೂ ಹಾಗೆಯೇ ಇವೆ. ನಲವತ್ತು ಪುಸ್ತಕ ತಿದ್ದಿ ಮೂರು ದಿನದ ಮೇಲೆ ವಾಪಸ್ ಕೊಟ್ಟರೆ, ಮಗುವಿಗೆ ಆ ಲೆಕ್ಕವನ್ನು ತಾನು ಹೇಗೆ ಮಾಡಿದೆ ಎಂಬುದೇ ನೆನಪಿರುವುದಿಲ್ಲ.

ಇಷ್ಟಾದರೂ ವರ್ತನಾವಾದದಿಂದ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಎರಡಂಕಿಯ ಲೆಕ್ಕವನ್ನು ಈ ನಿಯಮದಿಂದ ಮಾಡು ಎಂದು ಯಾರೂ ಅವಳಿಗೆ ಕಲಿಸಿರಲಿಲ್ಲ. ಹಾಗಾದರೆ ಅದು ಬಂದದ್ದೆಲ್ಲಿಂದ?

ಮಗು ಕಟ್ಟಿಕೊಂಡ ಅರ್ಥ

ತಪ್ಪು ಉತ್ತರಗಳ ಮೇಲೆ ತಮ್ಮ ಇಡೀ ಜೀವನದ ಕೆಲಸವನ್ನು ಕಟ್ಟಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಯುವಕರಾಗಿದ್ದಾಗ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳನ್ನು ಸಿದ್ಧಗೊಳಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಸರಿ ಉತ್ತರಗಳನ್ನು ಎಣಿಸಬೇಕಿದ್ದ ಅವರ ಗಮನ ಸೆಳೆದದ್ದು ತಪ್ಪು ಉತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಮಗು ದೊಡ್ಡವರಿಗಿಂತ ಕಡಿಮೆ ಯೋಚಿಸುತ್ತದೆ ಎನ್ನುವುದಕ್ಕಿಂತ ಬೇರೆ ರೀತಿ ಯೋಚಿಸುತ್ತದೆ ಎನ್ನುವುದು ಸರಿ ಎಂದು ಅವರು ವಾದಿಸಿದರು. ರಚನಾವಾದದ ಮೂಲ ಇಲ್ಲಿದೆ: ಜ್ಞಾನವನ್ನು ಯಾರೂ ಮಗುವಿನ ತಲೆಗೆ ತುಂಬಲಾಗದು, ಮಗು ತನಗೆ ಈಗಾಗಲೇ ಗೊತ್ತಿರುವುದರ ಜೊತೆ ಹೊಸದನ್ನು ಸೇರಿಸಿಕೊಂಡು ತಾನೇ ಅರ್ಥ ಕಟ್ಟಿಕೊಳ್ಳುತ್ತದೆ.

ನಮ್ಮ ಹುಡುಗಿಗೆ ಈಗಾಗಲೇ ಗೊತ್ತಿದ್ದದ್ದೇನು? ಒಂದನೇ ತರಗತಿಯಲ್ಲಿ ಅವಳಿಗೆ ಹೇಳಿಕೊಟ್ಟ ಮಾತು: "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು, ಚಿಕ್ಕದರಿಂದ ದೊಡ್ಡದನ್ನು ಕಳೆಯಲು ಬರುವುದಿಲ್ಲ." ಆಗ ಅದು ಸರಿಯಾಗಿಯೇ ಇತ್ತು. ಈಗ 2ರ ಕೆಳಗೆ 8 ಕಂಡಾಗ ಅವಳು ಅದೇ ಮಾತನ್ನು ಪಾಲಿಸಿದಳು. ತಪ್ಪಿನ ಬೀಜ ನಮ್ಮದೇ ಪಾಠದಲ್ಲಿದೆ. ಹೊಸ ಅನುಭವವನ್ನು ಹಳೆಯ ತಿಳಿವಳಿಕೆಯ ಒಳಗೇ ಕೂರಿಸಿಕೊಳ್ಳುವ ಇದನ್ನು ಪಿಯಾಜೆ ಸಾತ್ಮೀಕರಣ ಎಂದರು. ಹಳೆಯ ತಿಳಿವಳಿಕೆಯೇ ಬದಲಾಗಬೇಕಾದರೆ ಅದು ಎಲ್ಲೋ ಒಂದು ಕಡೆ ಸೋಲಬೇಕು, ಆ ಸೋಲು ಮಗುವಿನ ಕಣ್ಣಿಗೇ ಬೀಳಬೇಕು. ಹಾಗಾಗಿ "ತಪ್ಪು, ಹೀಗೆ ಮಾಡು" ಎನ್ನುವುದಕ್ಕಿಂತ "26ಕ್ಕೆ 38 ಕೂಡಿಸು, 52 ಬರುತ್ತಾ ನೋಡು" ಎನ್ನುವುದು ಹೆಚ್ಚು ಕೆಲಸ ಮಾಡುತ್ತದೆ. 64 ಬಂದಾಗ ಅವಳ ಹುಬ್ಬು ಗಂಟಿಕ್ಕುತ್ತದೆ. ಕಲಿಕೆಗೆ ಬೇಕಾದ ಗೊಂದಲ ಅದು.

ಹಳೆಯ ತಿಳಿವಳಿಕೆ ಎಷ್ಟು ಗಟ್ಟಿ ಎಂಬುದಕ್ಕೆ ವಿಜ್ಞಾನದ ತರಗತಿಯಿಂದ ಒಂದು ಪ್ರಸಿದ್ಧ ಉದಾಹರಣೆಯಿದೆ. ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಅಮೆರಿಕದ ಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ಕೇಳಿದರು. "ಗುಂಡಗಿದೆ" ಎಂದು ಎಲ್ಲರಂತೆ ಹೇಳಿದ ಮಕ್ಕಳಲ್ಲಿ ಕೆಲವರು ಚಿತ್ರ ಬರೆದಾಗ ತಟ್ಟೆಯಂಥ ಭೂಮಿ ಬರೆದರು. ಇನ್ನು ಕೆಲವರು ಟೊಳ್ಳು ಗೋಳದ ಒಳಗೆ ಚಪ್ಪಟೆ ನೆಲ ಬರೆದು ಅದರ ಮೇಲೆ ಜನರನ್ನು ನಿಲ್ಲಿಸಿದರು. ನೆಲ ಸಪಾಟು ಎಂಬ ಕಣ್ಣಿನ ಅನುಭವವನ್ನೂ, ಭೂಮಿ ಗುಂಡಗಿದೆ ಎಂಬ ಟೀಚರ ಮಾತನ್ನೂ ಬಿಟ್ಟುಕೊಡದೆ ಎರಡನ್ನೂ ಕೂಡಿಸಿದ ಜಾಣ್ಮೆ ಅದು. ಇದೇ ಅಧ್ಯಯನವನ್ನು ನಂತರ ಹೈದರಾಬಾದಿನ ಮಕ್ಕಳ ಜೊತೆ ನಡೆಸಿದಾಗ ನೀರಿನ ಮೇಲೆ ನಿಂತ ಭೂಮಿಯ ಕಲ್ಪನೆಯೂ ಕಂಡುಬಂತು. ಮನೆಯಲ್ಲಿ ಕೇಳಿದ ಕಥೆಗಳೂ ಮಗುವಿನ ವಿಜ್ಞಾನದೊಳಗೆ ಸೇರಿಕೊಂಡಿರುತ್ತವೆ. ಕೇಳುವ ರೀತಿ ಬದಲಾದರೆ ಮಕ್ಕಳ ಉತ್ತರವೂ ಬದಲಾಗುತ್ತದೆ ಎಂಬ ಆಕ್ಷೇಪಣೆ ಈ ಅಧ್ಯಯನಗಳ ಮೇಲೆ ಬಂದಿದೆ. ಅದೂ ನಮಗೆ ಪಾಠವೇ: ಪರೀಕ್ಷೆಯಲ್ಲಿ "ಭೂಮಿ ಗೋಳಾಕಾರದಲ್ಲಿದೆ" ಎಂದು ಬಿಟ್ಟ ಸ್ಥಳ ತುಂಬಿದ ಮಾತ್ರಕ್ಕೆ ಮಗುವಿಗೆ ಏನು ಗೊತ್ತು ಎಂಬುದು ನಮಗೆ ತಿಳಿದಂತಾಗಲಿಲ್ಲ.

ಪಿಯಾಜೆ ಹೇಳಿದ ವಯಸ್ಸಿನ ಹಂತಗಳನ್ನು ಮಾತ್ರ ಕಲ್ಲಿನಲ್ಲಿ ಕೆತ್ತಿದಂತೆ ಓದಬಾರದು. ಪ್ರಶ್ನೆಯನ್ನು ಮಗುವಿಗೆ ಅರ್ಥವಾಗುವ ಸನ್ನಿವೇಶದಲ್ಲಿ ಕೇಳಿದರೆ, ಅವರು ಹೇಳಿದ ವಯಸ್ಸಿಗಿಂತ ಮೊದಲೇ ಎಷ್ಟೋ ಮಕ್ಕಳು ಸರಿಯಾಗಿ ಯೋಚಿಸುತ್ತಾರೆ ಎಂದು ಮಾರ್ಗರೆಟ್ ಡೊನಾಲ್ಡ್‌ಸನ್ 1970ರ ದಶಕದಲ್ಲಿ ತೋರಿಸಿದರು. "ಈ ವಯಸ್ಸಿಗೆ ಇದು ಅರ್ಥವಾಗುವುದಿಲ್ಲ" ಎಂದು ಕೈಬಿಡಲು ಪಿಯಾಜೆಯ ಹೆಸರನ್ನು ಬಳಸುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಒಂದೇ ತಪ್ಪು, ಇಬ್ಬರು ಮಕ್ಕಳು

ಲೆವ್ ವಿಗೋಟ್‌ಸ್ಕಿ ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವರು. ಈಗಿನ ಬೆಲಾರುಸಿನಲ್ಲಿ ಬೆಳೆದು, ಮಾಸ್ಕೋದಲ್ಲಿ ಕೆಲಸ ಮಾಡಿ, ಕ್ಷಯದಿಂದ 37ನೇ ವಯಸ್ಸಿಗೇ ತೀರಿಕೊಂಡರು. ಅವರ ಬರಹ ಇಂಗ್ಲಿಷಿಗೆ ಬಂದು ಜಗತ್ತಿಗೆ ಹರಡಿದ್ದು 1962ರ ನಂತರ. ಅವರು ಕೇಳಿದ ಪ್ರಶ್ನೆ ಸರಳ: ಮಗು ಒಂಟಿಯಾಗಿ ಏನು ಮಾಡಬಲ್ಲದು ಎಂಬುದನ್ನಷ್ಟೇ ಅಳೆಯುತ್ತೇವೆ, ಸ್ವಲ್ಪ ಸಹಾಯ ಸಿಕ್ಕರೆ ಏನು ಮಾಡಬಲ್ಲದು ಎಂಬುದನ್ನು ಏಕೆ ಅಳೆಯುವುದಿಲ್ಲ? ಈ ಎರಡರ ನಡುವಿನ ಅಂತರವೇ 'ಸಮೀಪ ವಿಕಾಸ ವಲಯ'. ಕಲಿಸುವ ಕೆಲಸ ನಡೆಯಬೇಕಾದದ್ದು ಅಲ್ಲಿ.

52 − 38 = 26 ಎಂದು ಬರೆದ ಇಬ್ಬರು ಮಕ್ಕಳನ್ನು ಕರೆದು ಕಡ್ಡಿ ಕಟ್ಟುಗಳ ಮುಂದೆ ಕೂರಿಸೋಣ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್.

"52 ಅಂದ್ರೆ ಎಷ್ಟು ಕಟ್ಟು, ಎಷ್ಟು ಬಿಡಿ ಕಡ್ಡಿ ಪುಟ್ಟಾ?"

"ಐದು ಕಟ್ಟು, ಎರಡು ಬಿಡಿ ಟೀಚರ್."

"ನನಗೆ ಎಂಟು ಬಿಡಿ ಕಡ್ಡಿ ಕೊಡು ನೋಡೋಣ."

"ಎರಡೇ ಇದಾವಲ್ಲ ಟೀಚರ್." ಸ್ವಲ್ಪ ಹೊತ್ತು ಕಟ್ಟುಗಳನ್ನೇ ನೋಡಿ, "ಒಂದು ಕಟ್ಟು ಬಿಚ್ಚಲಾ?"

ಅಷ್ಟೇ. ಈ ಹುಡುಗಿಗೆ ಬೇಕಿದ್ದದ್ದು ಒಂದು ಪ್ರಶ್ನೆ. ಎರಡನೆಯ ಹುಡುಗನಿಗೆ ಅದೇ ಮೊದಲ ಪ್ರಶ್ನೆ ಕೇಳಿದರೆ ಅವನು ಕಟ್ಟುಗಳನ್ನೆಲ್ಲ ಬಿಚ್ಚಿ ಒಂದು, ಎರಡು, ಮೂರು ಎಂದು ಐವತ್ತೆರಡರವರೆಗೂ ಎಣಿಸತೊಡಗುತ್ತಾನೆ. ಹತ್ತು ಬಿಡಿಗಳು ಸೇರಿ ಒಂದು ಹತ್ತು ಎಂಬುದು ಅವನಲ್ಲಿ ಇನ್ನೂ ಕೂತಿಲ್ಲ. ಅವನಿಗೆ ದಶಕ ಸಹಿತ ಕಳೆಯುವುದನ್ನು ಎಷ್ಟು ಸಲ ಹೇಳಿಕೊಟ್ಟರೂ ಪ್ರಯೋಜನವಿಲ್ಲ, ಸ್ಥಾನಬೆಲೆಗೆ ಹಿಂದಿರುಗಬೇಕು. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ. ಮುಂದಿನ ಪಾಠ ಮಾತ್ರ ಬೇರೆ ಬೇರೆ.

1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಈ ಸಹಾಯ ಹೇಗಿರಬೇಕು ಎಂದು ವಿವರಿಸಿದರು. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಗೋಪುರ ಕಟ್ಟುವಾಗ ಕಲಿಸುವವರು ಏನೇನು ಮಾಡುತ್ತಾರೆ ಎಂಬುದನ್ನು ಅವರು ಗಮನಿಸಿದ್ದರು. ಸಹಾಯವು ಮನೆಗೆ ತಾರಸಿ ಹಾಕುವಾಗ ಹೊಡೆಯುವ ಸೆಂಟ್ರಿಂಗ್ ಇದ್ದ ಹಾಗೆ: ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಬಿಚ್ಚಿದರೆ ಕುಸಿಯುತ್ತದೆ, ಗಟ್ಟಿಯಾದ ಮೇಲೂ ಬಿಟ್ಟರೆ ಕೆಳಗೆ ಯಾರೂ ವಾಸ ಮಾಡಲಾಗದು. ನಮ್ಮ ತರಗತಿಗಳಲ್ಲಿ ಎರಡನೆಯ ತಪ್ಪೇ ಹೆಚ್ಚು. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ಮಕ್ಕಳು ನಕಲು ಮಾಡಿಕೊಂಡಾಗ ಪುಸ್ತಕಗಳೆಲ್ಲ ಅಚ್ಚುಕಟ್ಟಾಗಿರುತ್ತವೆ. ಅಲ್ಲಿ ಬರೆದಿರುವುದೆಲ್ಲ ಶಿಕ್ಷಕರದೇ ಲೆಕ್ಕ.

ಹೆಗ್ಗಡದೇವನಕೋಟೆಯಿಂದ ಹೊರಟ ಏಣಿ

ಈ ಮೂರೂ ವಿಚಾರಗಳು ಒಂದೇ ಕೋಣೆಯಲ್ಲಿ ಸೇರಿದ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಿಲ್ಲ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರು ಮಾಡಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಪಾಠಗಳು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದಿವೆ. ಕಲಿಕಾ ಏಣಿಯ ಮೇಲೆ ಮಗು ತನ್ನದೇ ವೇಗದಲ್ಲಿ ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ಹತ್ತುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಸ್ಕಿನ್ನರ್ ತಮ್ಮ ಮಗಳ ತರಗತಿಯಲ್ಲಿ ಕಾಣದೆ ಹೋದದ್ದು ಇದೇ. ಇನ್ನು ಗುಂಪುಗಳು, ಅಂದರೆ ನಲಿ-ಕಲಿಯ 'ತಟ್ಟೆ'ಗಳು: ಪೂರ್ತಿ ಶಿಕ್ಷಕರ ಸಹಾಯದಲ್ಲಿ ಕಲಿಯುವ ತಟ್ಟೆ, ಭಾಗಶಃ ಸಹಾಯದ ತಟ್ಟೆ, ಗೆಳೆಯರ ಸಹಾಯದ ತಟ್ಟೆ, ಕೊನೆಗೆ ಸ್ವಕಲಿಕೆ. ವಿಗೋಟ್‌ಸ್ಕಿಯ ವಿಚಾರವನ್ನು ನೆಲದ ಮೇಲೆ ಚಾಪೆ ಹಾಸಿ ಕೂರಿಸಿದಂತಿದೆ.

ಅಕ್ಷರ ಕಲಿಸುವ ಕ್ರಮವನ್ನೂ ನೋಡಿ. ಅ ಆ ಇ ಈ ಎಂದು ಸಾಲಾಗಿ ಹೋದರೆ ಮಗು ಓದಬಲ್ಲ ಪದ ಬರುವ ಹೊತ್ತಿಗೆ ವಾರಗಳೇ ಕಳೆಯುತ್ತವೆ. ನಲಿ-ಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಐದೇ ಅಕ್ಷರ, ಕಾಗುಣಿತವಿಲ್ಲ, ಒತ್ತಿಲ್ಲ. ಆದರೂ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಲು ಬರುತ್ತವೆ. ಗರಗಸ ಎಂದು ತಾನೇ ಕೂಡಿಸಿ ಓದಿದ ಮಗುವಿಗೆ ಅಕ್ಷರಗಳಿಂದ ಏನಾಗುತ್ತದೆ ಎಂಬುದು ಮೊದಲ ತಿಂಗಳಲ್ಲೇ ಗೊತ್ತಾಗಿಬಿಡುತ್ತದೆ. ಕನ್ನಡದ ಲಿಪಿಗೆ ಈ ಎಚ್ಚರ ಅಗತ್ಯ. ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ಅಕ್ಷರರೂಪಗಳನ್ನು ಮಗು ಗುರುತಿಸಬೇಕು. ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೋನಾಲಿ ನಾಗ್ ತೋರಿಸಿದ್ದಾರೆ. ಎರಡನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ದಡ್ಡ ಎನ್ನುವ ಮೊದಲು ಇದನ್ನು ನೆನೆಯಬೇಕು.

ನಲಿ-ಕಲಿ ಸೋಲುವ ಜಾಗವೂ ಇದರಲ್ಲೇ ಇದೆ. ಮಗು ಕಲಿತಿದೆಯೇ ಎಂದು ನೋಡದೆ ಕಾರ್ಡು ಮುಗಿಸಿದೆಯೇ ಎಂದಷ್ಟೇ ಮಕ್ಕಳ ಪ್ರಗತಿ ದಾಖಲಿಸುವ ಪ್ರಗತಿನೋಟದಲ್ಲಿ ಗುರುತು ಹಾಕಿದರೆ ಏಣಿಗೆ ಅರ್ಥವಿಲ್ಲ. ಒಬ್ಬರೇ ಶಿಕ್ಷಕರು ಮೂರು ತರಗತಿಯ ಮಕ್ಕಳನ್ನು ನೋಡುತ್ತ, ದಾಖಲೆಗಳನ್ನೂ ತುಂಬುತ್ತ, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದಾಗ ಮೊದಲು ಬಿಟ್ಟುಹೋಗುವುದು ಆ 'ನೋಡುವ' ಕೆಲಸವೇ.

ಮಗ್ಗಿ ಬೇಕೇ, ಬೇಡವೇ?

ಬಾಯಿಪಾಠದ ವಿರೋಧಿಗಳು ಒಂದು ಕಡೆ, "ನಮ್ಮ ಕಾಲದಲ್ಲಿ ಮಗ್ಗಿ ಹೇಳಿಸುತ್ತಿದ್ದರು" ಎನ್ನುವವರು ಇನ್ನೊಂದು ಕಡೆ. ಈ ಜಗಳಕ್ಕೆ ಒಂದು ದಾರಿ ತೋರಿಸುವುದು ಕೆಲಸದ ನೆನಪಿನ ಸಂಶೋಧನೆ. ಒಂದೇ ಸಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟು ಕೆಲಸ ಮಾಡಬಲ್ಲ ಸಂಗತಿಗಳು ಬಹಳ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಸುಮಾರು ಏಳು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಬಹುಕಾಲದ ನೆನಪಿಗೆ ಇಂಥ ಮಿತಿ ಇಲ್ಲ. ಅಲ್ಲಿ ಗಟ್ಟಿಯಾಗಿ ಕೂತದ್ದು ಬೇಕೆಂದಾಗ ಎದ್ದು ಬರುತ್ತದೆ, ಕಿರಿದಾದ ಆ ಜಾಗವನ್ನು ತಿನ್ನುವುದಿಲ್ಲ.

ಕಟ್ಟು ಬಿಚ್ಚುವುದನ್ನು ಅರ್ಥ ಮಾಡಿಕೊಂಡ ನಮ್ಮ ಹುಡುಗಿ ಈಗ 12ರಿಂದ 8 ಕಳೆಯಬೇಕು. ಅದಕ್ಕೆ ಬೆರಳು ಎಣಿಸಲು ಹೊರಟರೆ, ಎಣಿಸಿ ಮುಗಿಯುವ ಹೊತ್ತಿಗೆ ಹತ್ತರ ಸ್ಥಾನದಲ್ಲಿ 5 ಹೋಗಿ 4 ಆಗಿತ್ತು ಎಂಬುದು ಮರೆತುಹೋಗಿರುತ್ತದೆ. 24 ಬರೆಯುತ್ತಾಳೆ. ಇದು ಅರ್ಥವಾಗದ ತಪ್ಪಲ್ಲ, ಜಾಗ ಸಾಲದ ತಪ್ಪು. ಇಪ್ಪತ್ತರೊಳಗಿನ ಕೂಡುವ, ಕಳೆಯುವ ಲೆಕ್ಕಗಳೂ ಮಗ್ಗಿಯೂ ನಾಲಿಗೆ ತುದಿಯಲ್ಲಿದ್ದರೆ ಅರ್ಥ ಮಾಡಿಕೊಳ್ಳಲು ಜಾಗ ಉಳಿಯುತ್ತದೆ. ಆದ್ದರಿಂದ ಮಗ್ಗಿ ಬೇಕು ಎಂದೇ ನನ್ನ ನಿಲುವು. ಗುಣಾಕಾರ ಎಂದರೇನು ಎಂದು ತಿಳಿಯದೆ ಹದಿನಾರರ ಮಗ್ಗಿಯವರೆಗೂ ರಾಗವಾಗಿ ಹೇಳಿಸುವುದು ಬೇಕು ಎಂದು ಇದರ ಅರ್ಥವಲ್ಲ.

ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ ಈ ಮಿತಿಯ ಮೇಲೆಯೇ ತಮ್ಮ ಸಿದ್ಧಾಂತ ಕಟ್ಟಿದರು. ಹೊಸಬರಿಗೆ ಲೆಕ್ಕ ಕೊಟ್ಟು "ನೀವೇ ಹುಡುಕಿ" ಎಂದು ಬಿಡುವುದಕ್ಕಿಂತ, ಬಿಡಿಸಿದ ಉದಾಹರಣೆಗಳನ್ನು ಹೆಜ್ಜೆ ಹೆಜ್ಜೆಯಾಗಿ ಓದಿಸುವುದು ಹೆಚ್ಚು ಕಲಿಸುತ್ತದೆ ಎಂದು ಬೀಜಗಣಿತದ ಪ್ರಯೋಗಗಳಲ್ಲಿ ಕಂಡರು. ಮೊದಲು ಪೂರ್ತಿ ಬಿಡಿಸಿದ ಲೆಕ್ಕ, ಆಮೇಲೆ ಕೊನೆಯ ಹೆಜ್ಜೆ ಖಾಲಿ ಬಿಟ್ಟದ್ದು, ಆಮೇಲೆ ಎರಡು ಹೆಜ್ಜೆ ಖಾಲಿ, ಕೊನೆಗೆ ಪೂರ್ತಿ ಮಗುವಿನದೇ. ಸ್ವಾರಸ್ಯವೆಂದರೆ, ಪಳಗಿದ ಮಕ್ಕಳಿಗೆ ಇದೇ ಸಹಾಯ ಅಡ್ಡಿಯಾಗುತ್ತದೆ. ಅವರಿಗೆ ಸ್ವಂತವಾಗಿ ಬಿಡಿಸುವುದೇ ಒಳ್ಳೆಯದು. ಚಟುವಟಿಕೆ ಮೇಲೋ, ನೇರ ಬೋಧನೆ ಮೇಲೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗದಿರುವುದಕ್ಕೆ ಇದು ದೊಡ್ಡ ಕಾರಣ. ಯಾವ ಮಗು, ಯಾವ ವಿಷಯ, ಎಷ್ಟು ಪಳಗಿದೆ ಎಂದು ಕೇಳಿದ ಮೇಲೆಯೇ ಉತ್ತರ.

ಕಲಿತದ್ದು ಮುಂದಿನ ತಿಂಗಳೂ ಉಳಿಯಬೇಕು

"ನಿನ್ನೆ ಎಲ್ಲರೂ ಮಾಡಿದರು, ಇವತ್ತು ಕೇಳಿದರೆ ಯಾರಿಗೂ ಬರುವುದಿಲ್ಲ" ಎನ್ನದ ಶಿಕ್ಷಕರಿಲ್ಲ. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ಬಹಳ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಆಗುತ್ತದೆ ಎಂದು ತೋರಿಸಿದ್ದರು. ಮರೆವನ್ನು ತಡೆಯಲು ನಮ್ಮ ಮಕ್ಕಳು ಮಾಡುವುದು ಒಂದೇ: ಮತ್ತೆ ಮತ್ತೆ ಓದುವುದು. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಗೈಡಿನ ಸಾಲುಗಳ ಕೆಳಗೆಲ್ಲ ಗೆರೆ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ನಡೆಸಿದ ಪ್ರಯೋಗವನ್ನು ಪ್ರತಿ ಹೈಸ್ಕೂಲ್ ಮಗುವಿಗೂ ಹೇಳಬೇಕು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಗದ್ಯಭಾಗವನ್ನು ಒಂದು ಸಲ ಓದಿ, ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ಮೇಲೆ ಕೇಳಿದರೆ ಎರಡು ಸಲ ಓದಿದ್ದರಲ್ಲಿ ಶೇ. 81, ನೆನೆದು ಬರೆದದ್ದರಲ್ಲಿ ಶೇ. 75 ನೆನಪಿತ್ತು. ಒಂದು ವಾರದ ಮೇಲೆ ಲೆಕ್ಕ ತಿರುಗಿತು: ಎರಡು ಸಲ ಓದಿದ್ದು ಶೇ. 42, ನೆನೆದು ಬರೆದದ್ದು ಶೇ. 56. ತಲೆಯೊಳಗಿನಿಂದ ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಪುಸ್ತಕ ಮುಚ್ಚಿ ಕೂತು ಹೇಳಿಕೊಳ್ಳುವ ನಮ್ಮ ಹಳೆಯ ಅಭ್ಯಾಸದಲ್ಲಿ ಈ ಸತ್ಯವಿತ್ತು. ಪರೀಕ್ಷೆ ಎಂದರೆ ಅಳೆಯುವ ಸಾಧನ ಎಂದಷ್ಟೇ ತಿಳಿದ ನಾವು ಅದನ್ನು ಕಲಿಸುವ ಸಾಧನವಾಗಿ ಬಳಸುವುದನ್ನು ಮರೆತಿದ್ದೇವೆ. ಅಂಕವಿಲ್ಲದ, ಹೆದರಿಕೆಯಿಲ್ಲದ ಐದು ಪ್ರಶ್ನೆಗಳು ಪ್ರತಿ ಪಾಠದ ಆರಂಭದಲ್ಲಿ ಸಾಕು.

ಇನ್ನೊಂದು ಪ್ರಯೋಗ ಪಠ್ಯಪುಸ್ತಕದ ಅಭ್ಯಾಸಗಳ ಬಗ್ಗೆಯೇ ಪ್ರಶ್ನೆ ಎತ್ತುತ್ತದೆ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಲಿಸಿದರು. ಒಂದು ಗುಂಪಿಗೆ ಒಂದೊಂದು ಬಗೆಯ ಲೆಕ್ಕವನ್ನು ಒಟ್ಟಿಗೆ ಕೊಟ್ಟರು, ಇನ್ನೊಂದಕ್ಕೆ ಎಲ್ಲ ಬಗೆಯನ್ನೂ ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನ ಶೇ. 89 ಉತ್ತರ ಸರಿ, ಬೆರೆಸಿ ಮಾಡಿದವರದು ಶೇ. 60 ಮಾತ್ರ. ವಾರದ ಮೇಲಿನ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ. 20ಕ್ಕೆ ಇಳಿಯಿತು, ಬೆರೆಸಿ ಮಾಡಿದವರು ಶೇ. 63 ಪಡೆದರು. "ಕಳೆಯುವ ಲೆಕ್ಕಗಳು" ಎಂಬ ಶೀರ್ಷಿಕೆಯ ಕೆಳಗೆ ಇಪ್ಪತ್ತು ಕಳೆಯುವ ಲೆಕ್ಕ ಮಾಡಿದ ಮಗು ಕೂಡಬೇಕೋ ಕಳೆಯಬೇಕೋ ಎಂದು ಒಂದು ಸಲವೂ ಯೋಚಿಸಿರುವುದಿಲ್ಲ. ಪರೀಕ್ಷೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ. ನಮ್ಮ ಹುಡುಗಿಗೂ ಹೊಸ ವಿಧಾನ ಸ್ವಲ್ಪ ಕೂತ ಮೇಲೆ ದಶಕ ಸಹಿತ, ದಶಕ ರಹಿತ, ಕೂಡುವುದು ಎಲ್ಲ ಬೆರೆತ ಪುಟವೇ ಬೇಕು. ಅಭ್ಯಾಸದ ಹೊತ್ತಿನ ಸರಿ ಉತ್ತರಗಳಿಂದ ನಾವು ಮೋಸಹೋಗುವುದು ಬಹಳ ಸುಲಭ.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಬ್ರೆಜಿಲ್‌ನ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳ ಬಗ್ಗೆ ಟೆರೆಜಿನ್ಹಾ ಕಾರಹೇರ್ ಮತ್ತು ಸಂಗಡಿಗರು 1985ರಲ್ಲಿ ಬರೆದರು. ಒಂದಕ್ಕೆ 35ರಂತೆ ನಾಲ್ಕು ತೆಂಗಿನಕಾಯಿಗೆ ಎಷ್ಟು ಎಂದು ಕೇಳಿದಾಗ ಹುಡುಗನೊಬ್ಬ ಮೂರಕ್ಕೆ 105, ಮತ್ತೆ 30 ಸೇರಿದರೆ 135, ಹೀಗೆ ಮನಸ್ಸಿನಲ್ಲೇ ಸಾಗಿ 140 ಎಂದ. ಅದೇ ಹುಡುಗ ಕಾಗದದ ಮೇಲೆ 35ನ್ನು 4ರಿಂದ ಗುಣಿಸಿ 200 ಬರೆದ. ಬೀದಿಯಲ್ಲಿ ಈ ಮಕ್ಕಳ ಶೇ. 98 ಉತ್ತರ ಸರಿ. ಬರಿಯ ಅಂಕಿಗಳ ಲೆಕ್ಕದಲ್ಲಿ ಶೇ. 37. ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಇದನ್ನೇ ಕಂಡಿದೆ. ಜೊತೆಗೆ, ಶಾಲೆಯ ಲೆಕ್ಕ ಬರುವ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಬರುವುದಿಲ್ಲ ಎಂಬುದನ್ನೂ.

ನಮ್ಮ ಹುಡುಗಿಯನ್ನೂ ಕೇಳಿ: "ಅಮ್ಮ 52 ರೂಪಾಯಿ ಕೊಟ್ಟರು, ಅಂಗಡಿಯಲ್ಲಿ 38 ಖರ್ಚಾಯಿತು, ಎಷ್ಟು ಉಳಿಯಿತು?" "38ಕ್ಕೆ ಎರಡು ಸೇರಿದರೆ 40, ಆಮೇಲೆ ಹನ್ನೆರಡು, ಒಟ್ಟು ಹದಿನಾಲ್ಕು" ಎಂದುಬಿಟ್ಟರೆ ಆಶ್ಚರ್ಯಪಡಬೇಡಿ. ಆಗ 26 ಮತ್ತು 14 ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು "ಎರಡೂ ಹೇಗೆ ಸರಿಯಾಗುತ್ತೆ?" ಎಂದು ತರಗತಿಗೇ ಕೇಳಬಹುದು. ಎರಡು ಲೋಕಗಳ ನಡುವೆ ಸೇತುವೆ ತಾನಾಗಿಯೇ ಬೆಳೆಯುವುದಿಲ್ಲ, ಅದನ್ನು ಕಟ್ಟಬೇಕು.

ತರಬೇತಿಗಳಲ್ಲಿ ಈಗಲೂ ಕೇಳಿಬರುವ ಒಂದು ವಿಚಾರವನ್ನು ಮಾತ್ರ ಕೈಬಿಡುವುದು ಒಳ್ಳೆಯದು: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕಂತೆ ಕಲಿಸಬೇಕು ಎಂಬುದು. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಇದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದಾಗ ಇದಕ್ಕೆ ತಕ್ಕ ಆಧಾರ ಸಿಗಲಿಲ್ಲ. ನಕ್ಷೆಯನ್ನು ಎಲ್ಲ ಮಕ್ಕಳೂ ನೋಡಿಯೇ ಕಲಿಯಬೇಕು, ಪದ್ಯವನ್ನು ಎಲ್ಲರೂ ಕೇಳಿ ಹಾಡಬೇಕು.

ಇಷ್ಟೆಲ್ಲವನ್ನೂ ನಲವತ್ತು ಮಕ್ಕಳ ತರಗತಿಯಲ್ಲಿ, ನಲವತ್ತು ನಿಮಿಷದ ಅವಧಿಯಲ್ಲಿ ಮಾಡುವುದು ಹೇಗೆ? ಪುಸ್ತಕ ತಿದ್ದುವ ರೀತಿಯಿಂದ ಶುರು ಮಾಡಬಹುದು. ಅದಕ್ಕೊಂದು ಮಾದರಿಯಿದೆ: ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಮಕ್ಕಳನ್ನು ತರಗತಿ ಅಥವಾ ವಯಸ್ಸಿನ ಪ್ರಕಾರ ಕೂರಿಸದೆ, ಈಗ ಏನು ಬರುತ್ತದೆ ಎಂಬುದರ ಪ್ರಕಾರ ದಿನದ ಸ್ವಲ್ಪ ಹೊತ್ತು ಗುಂಪು ಮಾಡಿ ಕಲಿಸುತ್ತದೆ. ಮುಂಬೈ ಮತ್ತು ವಡೋದರಾದಲ್ಲಿ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ ಕಲಿಸಿದ ಪ್ರಥಮ್‌ನ ಆರಂಭದ ಪ್ರಯೋಗವೊಂದರಿಂದ ಮಕ್ಕಳ ಕಲಿಕೆ ಸುಧಾರಿಸಿದ್ದನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಅಳೆದು ತೋರಿಸಿದರು. ನಮ್ಮ ರಾಜ್ಯದ 'ಓದು ಕರ್ನಾಟಕ' ಕಾರ್ಯಕ್ರಮದ ಹಿಂದೆಯೂ ಇದೇ ವಿಚಾರವಿದೆ.

ಅದನ್ನು ನಿಮ್ಮ ಮೇಜಿನ ಮೇಲೆ ಹೀಗೆ ಮಾಡಿನೋಡಿ. ಕಳೆಯುವ ಲೆಕ್ಕದ ಪುಸ್ತಕಗಳನ್ನು ಅಂಕದ ಪ್ರಕಾರ ಜೋಡಿಸದೆ ತಪ್ಪಿನ ಬಗೆಯ ಪ್ರಕಾರ ಮೂರು ರಾಶಿ ಮಾಡಿ. 26 ಬರೆದವರದು ಒಂದು, 24 ಬರೆದವರದು ಇನ್ನೊಂದು, ಉತ್ತರದಲ್ಲಿ ಯಾವ ಕ್ರಮವೂ ಕಾಣದವರದು ಮೂರನೆಯದು. ಮೊದಲ ರಾಶಿಯವರಿಗೆ ಕಡ್ಡಿ ಕಟ್ಟು ಮತ್ತು ಅಂಗಡಿಯ ಲೆಕ್ಕ. ಎರಡನೆಯವರಿಗೆ ಇಪ್ಪತ್ತರೊಳಗಿನ ಲೆಕ್ಕಗಳ ಬಾಯಿಪಾಠ, ಜೋಡಿಯಾಗಿ ಕೂತು. ಮೂರನೆಯವರ ಜೊತೆ ನೀವೇ ಕೂತು ಸ್ಥಾನಬೆಲೆಯಿಂದ ಕೇಳುತ್ತ ಬನ್ನಿ. ಲೆಕ್ಕ ಸರಿ ಮಾಡಿದವರಿಗೆ ಬೆರೆಸಿದ ಲೆಕ್ಕಗಳ ಪುಟ. ಒಂದು ವಾರ ಬಿಟ್ಟು, ಮೊದಲೇ ಹೇಳದೆ, ಅದೇ ಬಗೆಯ ಮೂರು ಲೆಕ್ಕ ಕೊಟ್ಟು ಮತ್ತೆ ರಾಶಿ ಮಾಡಿದರೆ ಯಾರ ಪುಸ್ತಕ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಕಾಣುತ್ತದೆ.